ನೀಲಿ ಬಸವನಹುಳ

ಅದರ ನಿಜವಾದ ಹೆಸರು ನಮ್ಮ ಬೆಂಚಿನವರಿಗೆ ಗೊತ್ತಿರಲಿಲ್ಲ.
ಹಾರನಹಳ್ಳಿಯ ಸಿದ್ಧಗಂಗಮ್ಮ ಒಂದು ದಿನ
ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗಿಸಿ,
‘ಇದೇನವ್ವ, ನೀಲಿ ಬಸವನಹುಳ’ ಅಂದಳು.
ಅಂದಿನಿಂದ ಅದೇ ಹೆಸರು.
ನಡೆಯೂ ಹೆಸರಿಗೆ ತಕ್ಕ ಹಾಗೆ:
ಒಂದು ಪಹಣಿ ತೆರೆಯುವಷ್ಟರಲ್ಲಿ
ಶಿವಮೊಗ್ಗದ ಗಾಡಿ ಬಂದು, ನಿಂತು, ನೀರು ತುಂಬಿಸಿಕೊಂಡು
ಹೊರಟೇ ಹೋಗಿರುತ್ತಿತ್ತು.

ಅರಸೀಕೆರೆ ತಾಲ್ಲೂಕು ಕಚೇರಿಯ ಎದುರು
ಎಂಟಡಿ ಅಗಲದ ಅಂಗಡಿ ನನ್ನದು.
ಒಂದು ಜೆರಾಕ್ಸು, ಎರಡು ಕಂಪ್ಯೂಟರು,
ಹೆಬ್ಬೆಟ್ಟೊತ್ತುವ ಗಾಜಿನ ಡಬ್ಬಿ.
ತೆಂಗಿನಕಾಯಿ ಸುಲಿದು ಸುಲಿದು ಗೆರೆ ಸವೆದ ಬೆರಳುಗಳನ್ನು
ಆ ಡಬ್ಬಿ ನಂಬುತ್ತಿದ್ದದ್ದು
ಬಸವನಹುಳ ಜಾಮೀನು ನಿಂತರೆ ಮಾತ್ರ.

ಜೂನ್ ಹದಿನೈದು, ಬುಧವಾರ.
ಇನ್ನು ಮುಂದೆ ಇದಕ್ಕೆ ಬೆಂಬಲವಿಲ್ಲ ಎಂದು ಬಂತು.
ನಗರಸಭೆಯ ಅಧ್ಯಕ್ಷರನ್ನು ಇಳಿಸುವಾಗಲೂ ಇದೇ ಮಾತು.
ಎದುರು ಕಚೇರಿಯಲ್ಲಿ ಜವಾನ ನಿವೃತ್ತನಾದರೂ
ಮೈಸೂರು ಪೇಟ, ಶಾಲು, ಒಂದು ಫೋಟೋ.
ಇದಕ್ಕೆ ಒಂದು ಎಲೆ ಅಡಿಕೆಯೂ ಇಲ್ಲ.

ನನ್ನ ಹುಡುಗ ಯತೀಶ ಮೂರನ್ನು ಇಳಿಸಿ ಸಾಲಾಗಿ ನಿಲ್ಲಿಸಿದ.
ಗಂಡು ನೋಡುವ ಶಾಸ್ತ್ರ ನನ್ನದು.
ಒಂದು ಬಣ್ಣಬಣ್ಣದ ಚೆಂಡು. ಬಲು ಚುರುಕು, ಆದರೆ
ಆರು ಕಿಟಕಿ ತೆರೆದರೆ ಯಂತ್ರದ ಉಸಿರನ್ನೆಲ್ಲ ಕುಡಿಯುತ್ತದೆ.
ಇನ್ನೊಂದು ಬೆಂಕಿ ಬಾಲದ ನರಿ. ಗುಟ್ಟು ಬಿಡುವುದಿಲ್ಲವಂತೆ.
ನಿಜ, ಖಜಾನೆಯ ಚಲನ್ ನಂಬರನ್ನು ನನಗೂ ಬಿಡಲಿಲ್ಲ.
ಮೂರನೆಯದು ಹಳೆಯದರ ಮನೆಯದೇ ಕೂಸು,
ಅದೇ ನೀಲಿಗೆ ಚೂರು ಹಸಿರು ಬೆರೆಸಿ
ಅಲೆಯ ಹಾಗೆ ತಿರುಚಿಕೊಂಡಿದೆ.

ಮೂರಕ್ಕೂ ಬೆರಳಿನ ಡಬ್ಬಿ ಯಾರೋ ಅಪರಿಚಿತ.
ಪಕ್ಕದ ಪತ್ರಬರಹದ ಮರುಳಪ್ಪನವರು ನಶ್ಯ ಏರಿಸಿ
‘ಹಳೇ ಗಂಡನ ಪಾದವೇ ಗತಿ ಕಣಮ್ಮ ಜಬೀನಾ’ ಅಂದರು.
ತಮಾಷೆಗೆ ಅಂದದ್ದು. ಹಾಗೇ ಆಯಿತು.
ಮೂರನೆಯದರ ಒಳಗಿನ ಒಳಗೆ ಒಂದು ಗುಂಡಿ;
ಒತ್ತಿದರೆ ಹೊಸದು ಹಳೆಯದರ ವೇಷ ಹಾಕುತ್ತದೆ.
ಡಬ್ಬಿಯಲ್ಲಿ ಕೆಂಪು ದೀಪ ಹತ್ತಿತು.

ಹಳೆಯದರಿಂದ ಏನೇನು ತರಲಿ, ಕೇಳಿತು.
ಮೆಚ್ಚಿನವು? ಗುಪ್ತಪದ? ಇತಿಹಾಸ?
ಎಲ್ಲಕ್ಕೂ ಗುರುತು ಹಾಕಿದೆ. ಎಲ್ಲ ಬಂತು.
ಬಾರದೆ ಉಳಿದದ್ದು, ಕೇಳಲು ನನಗೂ ತೋಚದೆ ಇದ್ದದ್ದು:
ಒಂದಕ್ಷರ ಒತ್ತಿದರೆ ಸಾಕು, ಖಾನೆಯಿಂದ ಕೆಳಗಿಳಿಯುತ್ತಿದ್ದ
ಹೆಸರುಗಳ ಸರತಿ.
ಗಿಡ್ಡಮ್ಮ, ಗುಲ್ಜಾರ್ ಬೀ, ಗೌರಣ್ಣ,
ಒಮ್ಮೆ ನಾನು ತಪ್ಪಾಗಿ ಒತ್ತಿ
ಹತ್ತು ವರ್ಷ ತಪ್ಪಾಗಿಯೇ ಬಂದು ನಿಂತ ಗಿರ್ಜಜ್ಜಮ್ಮ.
ಇದ್ದವರು, ಇಲ್ಲದವರು ಎಂಬ ಭೇದ ಅದಕ್ಕಿರಲಿಲ್ಲ.

ಈಗ ಆ ನೀಲಿ ಚಿತ್ರ ಒತ್ತಿದರೂ
ಓಗೊಡುವುದು ಹೊಸದೇ.
ಚಿಪ್ಪು ಇದೆ, ಹುಳ ಇಲ್ಲ.

ಸೋಮವಾರ ಸಿದ್ಧಗಂಗಮ್ಮ ಬಂದಳು,
ವಿಧವಾ ವೇತನ ನಿಂತಿದೆ ಎಂದು.
ಊರು ಒತ್ತಿದೆ, ಅವಳ ಹೆಸರು ಒತ್ತಿದೆ.
ಗಂಡನ ಹೆಸರು?
ಸೆರಗಿನ ತುದಿ ಬಾಯಿಗೆ ಹೋಯಿತು.
‘ಅದಕ್ಕೆ ಗೊತ್ತಿತ್ತಲ್ಲವ್ವ.’
ಗೊತ್ತಿತ್ತು. ‘ಗ’ ಅಂದರೆ ಸಾಕಿತ್ತು.
ಇಷ್ಟು ವರ್ಷ ಅವಳು ಬಾಯಿ ತೆರೆಯದೆ ಕೂತಳು,
ನಾನು ಓದದೆ ಒತ್ತಿದೆ.

ಸಾವಿರ ಜನರ ಹೆಸರು ನನ್ನ ಬೆರಳಿನಲ್ಲಿ ಹಾದಿದೆ,
ತಲೆಯಲ್ಲಿ ಒಂದೂ ನಿಂತಿಲ್ಲ.
ಖಾನೆಯಲ್ಲಿ ಗೀಟು ಮಿಣುಕುತ್ತ ಕಾಯುತ್ತಿತ್ತು.
ಅವಳು ಮರುಳಪ್ಪನವರ ಕಡೆ ನೋಡಿದಳು. ಅವರು ಎದ್ದು ಟೀಗೆ ಹೋದರು.
ಯತೀಶ ಜೆರಾಕ್ಸಿಗೆ ಕಾಗದ ತುಂಬುವವನಂತೆ ಬಗ್ಗಿದ.
ರಸ್ತೆಯ ಕಡೆ ಮುಖ ತಿರುಗಿಸಿಕೊಂಡು,
ಬೇರೆ ಯಾರದೋ ಹೆಸರೆಂಬಂತೆ,
‘ಗುರುಬಸಪ್ಪ’ ಅಂದಳು.

ಅಕ್ಷರಕ್ಕೆ ಅಕ್ಷರ ಒತ್ತಿದೆ.
‘ಆಯ್ತಾ?’
ಆಯ್ತು ಅಜ್ಜಿ.
‘ಇನ್ನೊಂದ್ ಸಲ ಹೇಳಿಸಬ್ಯಾಡ.
ಇದಕ್ಕೂ ಕಲಿಸ್ಬಿಡು.’